ಏನು ಆರಿಸಿದರೂ ಕೊನೆ ಬದಲಾಗದ ಗೇಮ್ ಮೋಸವೇ?

ಟೆಲ್‌ಟೇಲ್‌ನವರ ‘ದಿ ವಾಕಿಂಗ್ ಡೆಡ್’ (2012) ವಿಡಿಯೋ ಗೇಮ್ ಆಡಿದವರು ಹೀಗೆ ಕೇಳುವುದು ಸಹಜ. ಏನೇ ಆರಿಸಿದರೂ ಕಥೆ ಹೆಚ್ಚುಕಮ್ಮಿ ಒಂದೇ ಕಡೆ ಹೋಗುತ್ತದೆ. ಆದರೆ ಮೋಸ ಅಂತ ನನಗೆ ಅನ್ನಿಸುವುದಿಲ್ಲ.

ನಮ್ಮ ಉಡುಪಿ ಕಡೆ ತಾಳಮದ್ದಳೆಗೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಬರುವವರಿಗೆಲ್ಲ ಕರ್ಣ ಸಾಯುತ್ತಾನೆ ಅಂತ ಮೊದಲೇ ಗೊತ್ತು. ಆದರೂ ಕೂತು ಕೇಳುತ್ತಾರೆ. ಪ್ರಸಂಗ ಅದೇ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಮಾತ್ರ ಪ್ರತಿಸಲ ಬೇರೆ. ಈ ಗೇಮಿನಲ್ಲೂ ನೀವು ಆಡಿಸುವ ಲೀ, ತಾನು ಕಾಪಾಡುವ ಪುಟ್ಟ ಹುಡುಗಿ ಕ್ಲೆಮೆಂಟೈನ್ ಎದುರು ಎಂಥ ಮನುಷ್ಯನಾಗುತ್ತಾನೆ ಅನ್ನುವುದು ನಿಮ್ಮ ಕೈಯಲ್ಲಿದೆ. ನನ್ನ ತಕರಾರು ಬೇರೆ. ‘ಕ್ಲೆಮೆಂಟೈನ್ ಇದನ್ನು ನೆನಪಿಡುತ್ತಾಳೆ’ ಅಂತ ಪರದೆ ಮೇಲೆ ತೋರಿಸಿ, ಆಮೇಲೆ ಎಷ್ಟೋ ಸಲ ಅದರ ಸುದ್ದಿಯೇ ಇರುವುದಿಲ್ಲ. ಪರದೆ ಹೇಳಿದಾಗ ಬೇಗ ಗುಂಡಿ ಒತ್ತಬೇಕಾದ ದೃಶ್ಯಗಳಂತೂ ಸುಮ್ನೆ ಹೆಸರಿಗೆ.

ಇದಕ್ಕಿಂತ ದೊಡ್ಡ ದೋಷ ಅಂದರೆ ಕಥೆ ಒಂದು ಹೇಳಿ ಆಟ ಇನ್ನೊಂದು ಮಾಡಿಸುವುದು. ‘ಅನ್‌ಚಾರ್ಟೆಡ್’ ಗೇಮ್ ಸರಣಿಯ ನಾಯಕ ನೇಥನ್ ಡ್ರೇಕ್ ಕಥೆಯಲ್ಲಿ ತಮಾಷೆಯ ಒಳ್ಳೆ ಹುಡುಗ, ಆಟದಲ್ಲಿ ನೂರಾರು ಜನರನ್ನು ಕೊಲ್ಲುತ್ತಾನೆ. ಈ ಬಿರುಕನ್ನು ವಿಮರ್ಶಕರು ಲ್ಯೂಡೋನರೇಟಿವ್ ಡಿಸೊನೆನ್ಸ್ ಅನ್ನುತ್ತಾರೆ. ನಾಲ್ಕನೇ ಭಾಗದಲ್ಲಿ (2016) 1,000 ಶತ್ರುಗಳನ್ನು ಮುಗಿಸಿದರೆ ಸಿಗುವ ಟ್ರೋಫಿಗೆ ಇದೇ ಹೆಸರು! ತಪ್ಪು ಗೊತ್ತಿದೆ ಅಂತ ಗೇಮ್ ಮಾಡಿದವರೇ ಜೋಕ್ ಮಾಡಿದರು, ಆಟವನ್ನು ಮಾತ್ರ ಹಾಗೇ ಬಿಟ್ಟರು.