ಕನಜಾವದಲ್ಲಿ ಒಂದೇ ಮಧ್ಯಾಹ್ನ ಸಿಕ್ಕರೆ ಅಸಾನೊ ಹೊಳೆಯ ದಂಡೆಗೆ ಹೋಗಿ

ಅಮ್ಮನ ಜೊತೆ ಜಪಾನಿಗೆ ಹೊರಟಿದ್ದೀರಿ, ಕನಜಾವದಲ್ಲಿ ಸಿಗುವುದು ಒಂದೇ ಮಧ್ಯಾಹ್ನ, ತೋಟ, ಕೋಟೆ, ಚಹಾಮನೆಗಳ ಕೇರಿ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ ಅಂತ ಕೇಳಿದ್ದೀರಿ. ಕೆನ್ರೊಕುಎನ್ ತೋಟ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಅದನ್ನು ಬಿಟ್ಟು ಅಸಾನೊ ಹೊಳೆಯ ದಂಡೆಗೇ ಹೋಗುತ್ತೇನೆ. ಕತ್ತಲಾಗುವ ತನಕ ಅಲ್ಲೇ ಇರುತ್ತೇನೆ.

ಈ ಊರಿಗೆ ಎರಡು ಹೊಳೆಗಳು. ಸಾಯ್ ಹೊಳೆಯದು ಜೋರು ಹರಿವು, ಊರಿನವರು ಅದನ್ನು ಗಂಡು ಹೊಳೆ ಅನ್ನುತ್ತಾರೆ. ಅಸಾನೊ ಹೆಣ್ಣು ಹೊಳೆ. ನಮ್ಮಲ್ಲಿ ಕಾವೇರಿ, ತುಂಗೆ, ಶರಾವತಿ ಎಲ್ಲರೂ ಹೆಣ್ಣುಮಕ್ಕಳೇ ಅಲ್ವಾ, ಹಾಗಾಗಿ ಹೊಳೆಗಳಲ್ಲಿ ಗಂಡೂ ಇದೆ ಅನ್ನುವುದೇ ನನಗೆ ಹೊಸದಾಗಿತ್ತು. ಅಸಾನೊ ಅಗಲವಾಗಿ, ಆಳವಿಲ್ಲದೆ, ಕಲ್ಲುಗಳ ಮೇಲೆ ಸಣ್ಣ ಸದ್ದು ಮಾಡುತ್ತಾ ಹರಿಯುತ್ತದೆ. ಕಾಗಾ ಯೂಜೆನ್ ಅನ್ನುವ ಇಲ್ಲಿನ ರೇಷ್ಮೆಗೆ ಬಣ್ಣ ಹಾಕುವಾಗ ಚಿತ್ರದ ಅಂಚಿಗೆ ಅಕ್ಕಿಯ ಅಂಟು ಬಳಿಯುತ್ತಾರೆ. ಹಿಂದೆ ಆ ಅಂಟನ್ನು ತೊಳೆಯುತ್ತಿದ್ದದ್ದು ಇದೇ ನೀರಿನಲ್ಲಿ, ಉದ್ದುದ್ದ ಬಟ್ಟೆಗಳನ್ನು ಹರಿವಿಗೆ ಬಿಟ್ಟು.

ಸ್ಟೇಷನ್ನಿನಿಂದ ಬಸ್ ಹಿಡಿದು ಹಾಶಿಬಾಚೊ ಸ್ಟಾಪಿನಲ್ಲಿ ಇಳಿಯಿರಿ. ಎದುರಿಗೇ ದೊಡ್ಡ ಸೇತುವೆ, ಅಸಾನೊಗಾವಾ ಓಹಾಶಿ. 1922ರದ್ದು, ಮೂರು ಕಮಾನುಗಳು. ಅದನ್ನು ದಾಟಿ ಐದು ನಿಮಿಷ ನಡೆದರೆ ಹಿಗಾಶಿ ಚಾಯಾ ಕೇರಿ. ಚಹಾಮನೆ ಅಂದ ತಕ್ಷಣ ನಮ್ಮ ಟೀ ಅಂಗಡಿ ನೆನಪಿಗೆ ಬರುತ್ತದೆ, ಆದರೆ ಇವು ಗೇಕೊಗಳ ಹಾಡು, ಕುಣಿತ ನೋಡಲು ಜನ ಬರುತ್ತಿದ್ದ ಮನೆಗಳು. ಗೇಕೊ ಅಂದರೆ ಈ ಊರಿನ ಗೇಶಾ. 1820ರಲ್ಲಿ ಊರಿನ ದೊರೆಗಳಾದ ಮಾಯೆದಾ ಮನೆತನದವರು ಅಲ್ಲಲ್ಲಿ ಚದುರಿದ್ದ ಚಹಾಮನೆಗಳನ್ನು ಇಲ್ಲಿಗೆ ತಂದು ಕೂಡಿಸಿದರು. ಈಗಲೂ ಕೆಲವು ಮನೆಗಳಲ್ಲಿ ಗೇಕೊಗಳು ಇದ್ದಾರೆ. ದಾರಿಯಲ್ಲಿ ಕಂಡರೆ ಫೋನ್ ಹಿಡಿದು ಹಿಂದೆ ಹೋಗಬೇಡಿ. ಅವರು ಕೆಲಸಕ್ಕೆ ಹೋಗುತ್ತಿರುತ್ತಾರೆ.

ಶಿಮಾ ಅನ್ನುವ ಮನೆ 1820ರಿಂದ ಹಾಗೇ ಉಳಿದಿದೆ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬಹುದು. ಇದೊಂದನ್ನು ಖಂಡಿತ ನೋಡಿ. ಚಪ್ಪಲಿ ಬಿಟ್ಟು ಮೇಲೆ ಹತ್ತಬೇಕು, ಮೆಟ್ಟಿಲು ಕಡಿದು. ಅಮ್ಮನಿಗೆ ಮಂಡಿನೋವಿದ್ದರೆ ಕೆಳಗೇ ಕೂರಿಸಿ ಬನ್ನಿ.

ನನಗೆ ಕೇರಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು ಬಾಗಿಲ ಮೇಲೆ ತೂಗುಹಾಕಿದ ಮೆಕ್ಕೆಜೋಳದ ತೆನೆ. ಒಂದು ಮನೆ ಅಲ್ಲ, ಸಾಲಾಗಿ ಹಲವು ಮನೆಗಳು. ಸಿಪ್ಪೆಯೊಂದಿಗೇ ಒಣಗಿದ ತೆನೆ, ಕಂದು ಬಣ್ಣದ ಕೂದಲು ಗಾಳಿಗೆ ಅಲ್ಲಾಡುತ್ತಿತ್ತು. ಹತ್ತಿರದ ಗುಡ್ಡದ ಮೇಲೆ ಕನ್ನೊನ್‌ಇನ್ ಅನ್ನುವ ದೇವಸ್ಥಾನವಿದೆ. ಬೇಸಿಗೆಯಲ್ಲಿ ಒಂದು ವಿಶೇಷ ದಿನ ಅಲ್ಲಿಗೆ ಹೋದರೆ 46,000 ದಿನ ಹೋದಷ್ಟು ಪುಣ್ಯವಂತೆ. ಲೆಕ್ಕ ಹಾಕಿದರೆ 126 ವರ್ಷ ಆಗುತ್ತದೆ. ಅಲ್ಲಿಂದ ತಂದ ತೆನೆಯನ್ನು ಮನೆಗೆ ಒಳ್ಳೆಯದಾಗಲಿ ಅಂತ ಬಾಗಿಲಿಗೆ ಕಟ್ಟುತ್ತಾರೆ. ಯುಗಾದಿಗೆ ಕಟ್ಟಿದ ಮಾವಿನ ತೋರಣ ಒಣಗಿದರೂ ನಮ್ಮಮ್ಮ ಬಿಚ್ಚಲು ಬಿಡುವುದಿಲ್ಲ. ಆ ತೆನೆಗಳ ಕೆಳಗೆ ನಿಂತಾಗ ನನಗೆ ಅವರದೇ ನೆನಪು. ನಿಮ್ಮ ಅಮ್ಮನಿಗೂ ಇದನ್ನು ತೋರಿಸಿ.

ಇನ್ನು ಬಂಗಾರದ ರೇಕು. ಜಪಾನಿನ ಹೆಚ್ಚುಕಡಿಮೆ ಎಲ್ಲ ಚಿನ್ನದ ರೇಕೂ ತಯಾರಾಗುವುದು ಈ ಒಂದೇ ಊರಿನಲ್ಲಿ. ರೇಕು ಅಂಟಿಸಿದ ಐಸ್‌ಕ್ರೀಮ್ ಎಲ್ಲ ಕಡೆ ಸಿಗುತ್ತದೆ. ಅದಕ್ಕಿಂತ, ನಾವೇ ಕೈಯಾರೆ ರೇಕು ಅಂಟಿಸಲು ಕಲಿಸುವ ಅಂಗಡಿಗಳಿವೆ, ಅಲ್ಲಿ ಒಂದು ಗಂಟೆ ಕೂರುವುದು ಮೇಲು. ರೇಕಿನ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಬಿದಿರಿನ ಚಿಮಟದಲ್ಲಿ ಎತ್ತಬೇಕು. ನಾನು ಬಗ್ಗಿ ನೋಡುವಾಗ ಉಸಿರು ತಾಗಿದ್ದಕ್ಕೇ ಅದು ಮಡಚಿಕೊಂಡಿತು. ಕಲಿಸುತ್ತಿದ್ದ ಅಜ್ಜಿ ಮಾತಾಡದೆ ಇನ್ನೊಂದು ರೇಕು ತೆಗೆದು, ತುಟಿ ಬಿಗಿಹಿಡಿದು ತೋರಿಸಿದರು. ಗಾಳಿ ಒಣಗಿದ್ದರೆ ರೇಕು ಕೈಗೆ, ಕಾಗದಕ್ಕೆ ಎಲ್ಲೆಂದರಲ್ಲಿ ಅಂಟುತ್ತದೆ. ಇಲ್ಲಿ ಮಳೆ, ಹಿಮ ಜಾಸ್ತಿ, ಗಾಳಿಯಲ್ಲಿ ಯಾವಾಗಲೂ ತೇವ. ಈ ಕೆಲಸ ಇಲ್ಲಿ ನೆಲೆ ನಿಲ್ಲಲು ಅದೂ ಒಂದು ಕಾರಣ. ಬುತ್ತಿ ಮರೆತರೂ ಕೊಡೆ ಮರೆಯಬೇಡ ಅಂತ ಈ ಊರಿನ ಗಾದೆಯೇ ಇದೆ.

ಸಸ್ಯಾಹಾರಿಗಳು ಅಂತಲೂ ಬರೆದಿದ್ದೀರಿ. ಮಿಸೊ ಸೂಪ್, ಊದೊನ್ ಅನ್ನುವ ನೂಡಲ್ಸಿನ ಸಾರು ಇವುಗಳಲ್ಲಿ ಸಾಮಾನ್ಯವಾಗಿ ಮೀನಿನ ಸಾರ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಊಟ ಮುಗಿಸಿಕೊಂಡೇ ಹೋಗಿ. ಕೆಂಪು ಅವರೆಯಂಥ ಅಜುಕಿ ಕಾಳಿನ ಹೂರಣದ ಸಿಹಿ, ಜೊತೆಗೆ ಹುರಿದ ಚಹಾಕಡ್ಡಿಯ ಬೋಚಾ ಇವೆರಡು ಸಾಕು. ಹೂರಣ ಬಾಯಿಗಿಟ್ಟರೆ ಅಮ್ಮ ಹೋಳಿಗೆ ಅನ್ನದೆ ಇರುವುದಿಲ್ಲ.

ಐದು ಗಂಟೆ ಹೊತ್ತಿಗೆ ಅಂಗಡಿಗಳು ಮುಚ್ಚತೊಡಗುತ್ತವೆ. ಆಗ ಬಂದ ದಾರಿಯಲ್ಲೇ ವಾಪಸ್ಸು ಹೋಗಬೇಡಿ. ಹೊಳೆ ಹರಿದು ಬರುವ ಕಡೆಗೆ ಸ್ವಲ್ಪ ನಡೆದರೆ ಉಮೆ ನೊ ಹಾಶಿ ಅನ್ನುವ ಮರದ ಸೇತುವೆಯಿದೆ, ನಡೆಯುವವರಿಗೆ ಮಾತ್ರ. ಅದನ್ನು ದಾಟಿ ಆಚೆ ದಡದಲ್ಲಿ ಹೊಳೆ ಹರಿಯುವ ಕಡೆಗೇ ನಡೆಯಿರಿ. ದೊಡ್ಡ ಸೇತುವೆ ಕಳೆದ ಮೇಲೆ ಕಜುಎಮಾಚಿ, ನೀರಿಗೆ ಮುಖ ಮಾಡಿದ ಇನ್ನೊಂದು ಚಹಾಮನೆ ಸಾಲು. ಹಿಗಾಶಿಯಷ್ಟು ಜನ ಇಲ್ಲಿಲ್ಲ. ನಾನು ಹೋದದ್ದು ನವೆಂಬರಿನಲ್ಲಿ, ಐದಕ್ಕೇ ಕತ್ತಲು. ಒಂದೊಂದೇ ದೀಪ ಹತ್ತಿತು, ಮರದ ಸರಳುಗಳ ಹಿಂದಿನಿಂದ ಹಳದಿ ಬೆಳಕು ಒದ್ದೆ ಕಲ್ಲಿನ ಮೇಲೆ ಬಿತ್ತು. ನೀರಿನ ನಡುವೆ ಒಂದು ಕೊಕ್ಕರೆ ಅಷ್ಟು ಹೊತ್ತೂ ಅಲುಗಲಿಲ್ಲ. ನಾನೂ ಸುಮ್ನೆ ನಿಂತುಬಿಟ್ಟೆ.

ಮನೆಗಳ ಹಿಂದೆ ಕುರಗಾರಿ ಜಾಕಾ ಅನ್ನುವ ಮೆಟ್ಟಿಲ ದಾರಿ ಇದೆ. ಕತ್ತಲ ಏರು ಅಂತ ಅರ್ಥ. ಹಿಂದೆ ಯಾರ ಕಣ್ಣಿಗೂ ಬೀಳಬಾರದು ಅನ್ನುವವರು ಮೇಲಿನ ಗುಡಿಯ ಅಂಗಳದಿಂದ ಇಳಿದು ಇಲ್ಲಿಗೆ ಬರುತ್ತಿದ್ದರಂತೆ. ಅದನ್ನು ಹತ್ತಿದರೆ ಬಸ್ ಸ್ಟಾಪಿನ ಹತ್ತಿರಕ್ಕೇ ಬರುತ್ತೀರಿ. ಅಮ್ಮನಿಗೆ ಹತ್ತುವುದು ಕಷ್ಟವಾದರೆ ದಂಡೆಯ ಮೇಲೇ ಸೇತುವೆ ತನಕ ನಡೆದರಾಯಿತು, ಹೊಳೆ ಇನ್ನೂ ಸ್ವಲ್ಪ ಹೊತ್ತು ಪಕ್ಕದಲ್ಲಿರುತ್ತದೆ.