ಫುಟ್‌ಬಾಲ್‌ನಲ್ಲಿ ಜನಾಂಗೀಯ ನಿಂದನೆ ನಡೆದರೆ ಸರ್ಕಾರ ಮಧ್ಯೆ ಬರಬಹುದಾ?

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ ದೇಶದ ಫುಟ್‌ಬಾಲ್ ಸಂಸ್ಥೆಯಲ್ಲಿ ಹೊರಗಿನವರು ಕೈಯಾಡಿಸುವಂತಿಲ್ಲ. ಆದರೆ ಫಿಫಾ ಎಲ್ಲರ ಮೇಲೂ ಒಂದೇ ಥರ ಗದರುವುದಿಲ್ಲ.

2019ರ ಅಕ್ಟೋಬರ್ 14, ಬಲ್ಗೇರಿಯಾದ ರಾಜಧಾನಿ ಸೋಫಿಯಾ. ಬಲ್ಗೇರಿಯಾ-ಇಂಗ್ಲೆಂಡ್ ಯೂರೋ ಕಪ್ ಅರ್ಹತಾ ಪಂದ್ಯ. ಇಂಗ್ಲೆಂಡ್‌ನ ಕಪ್ಪು ಆಟಗಾರರ ಕೈಗೆ ಚೆಂಡು ಸಿಕ್ಕಾಗ, ಅಲ್ಲ ಕಾಲಿಗೆ ಸಿಕ್ಕಾಗ, ಗ್ಯಾಲರಿಯಲ್ಲಿ ಕೆಲವರು ಕೋತಿಗಳ ಹಾಗೆ ಕೂಗುತ್ತಿದ್ದರು. ನಾಜಿ ಸೆಲ್ಯೂಟ್ ಬೇರೆ. ಅವತ್ತೇ ಇಂಗ್ಲೆಂಡ್ ಪರ ಮೊದಲ ಪಂದ್ಯ ಆಡುತ್ತಿದ್ದ ಟೈರೋನ್ ಮಿಂಗ್ಸ್ ಲೈನ್ಸ್‌ಮನ್ ಕಡೆ ತಿರುಗಿ, ಕೇಳಿಸಿತಾ ಎಂದು ಕೇಳಿದರು. ಮೊದಲಾರ್ಧದಲ್ಲೇ ಆಟ ಎರಡು ಸಲ ನಿಂತಿತು. ಇಂಗ್ಲೆಂಡ್ 6-0 ಗೆದ್ದಿತು, ಅದು ಈಗ ಯಾರಿಗೆ ನೆನಪಿದೆ ಬಿಡಿ.

ಮರುದಿನವೇ ಬಲ್ಗೇರಿಯಾದ ಆಗಿನ ಪ್ರಧಾನಿ ಬೊಯ್ಕೊ ಬೊರಿಸೊವ್, ತಮ್ಮ ದೇಶದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಬೊರಿಸ್ಲಾವ್ ಮಿಹೈಲೊವ್ ರಾಜೀನಾಮೆ ಕೊಡಬೇಕು, ಅಲ್ಲಿಯವರೆಗೆ ಸರ್ಕಾರದ ದುಡ್ಡಿಲ್ಲ ಎಂದರು. ಅವತ್ತೇ ಮಿಹೈಲೊವ್ ಕೆಳಗಿಳಿದರು. ಇದೂ ಹಸ್ತಕ್ಷೇಪವೇ ಅಲ್ವಾ? ಆದರೂ ಬಲ್ಗೇರಿಯಾಕ್ಕೆ ಫಿಫಾದ ನಿಷೇಧ ಬೀಳಲಿಲ್ಲ. ನಿಂದನೆಗೆ ಮಾತ್ರ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಯೆಫಾ 75 ಸಾವಿರ ಯೂರೋ ದಂಡ ಹಾಕಿ, ಒಂದು ಪಂದ್ಯ ಖಾಲಿ ಮೈದಾನದಲ್ಲಿ ಆಡಿ ಎಂದಿತು. ನನಗಂತೂ ಇದು ಜುಜುಬಿ ಶಿಕ್ಷೆ.

ಕುರ್ಚಿಯಲ್ಲಿ ಹೊರಗಿನವರೇ ಕೂತರೆ ಮಾತ್ರ ಫಿಫಾಗೆ ಜಾಸ್ತಿ ಸಿಟ್ಟು. ನಮ್ಮ ಫುಟ್‌ಬಾಲ್ ಸಂಸ್ಥೆಗೆ ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತ ಸಮಿತಿಯ ಕಾರಣಕ್ಕೆ 2022ರ ಆಗಸ್ಟ್‌ನಲ್ಲಿ ಭಾರತಕ್ಕೇ ನಿಷೇಧ ಬಿತ್ತು. ಕೋರ್ಟ್ ಆ ಸಮಿತಿಯನ್ನು ತೆಗೆದ ಮೇಲೆ, 26ನೇ ತಾರೀಕು, ತೆರವಾಯಿತು.