ಮಗಳಿಗೆ ಬಾಯಲ್ಲಿ ಎಲ್ಲ ಬರುತ್ತದೆ, ವಿಜ್ಞಾನದ ದೊಡ್ಡ ಉತ್ತರಗಳಲ್ಲಿ ಮಾತ್ರ ಅಂಕ ಹೋಗುತ್ತಿದೆ. ಏನು ಮಾಡಲಿ?

ಮಗಳು ಡೊಂಬಿವಲಿಯಲ್ಲಿ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸು, ಮನೆಯಲ್ಲಿ ಕೇಳಿದರೆ ಪಟಪಟನೆ ಹೇಳುತ್ತಾಳೆ, ಬೋರ್ಡ್ ಪರೀಕ್ಷೆಗೆ ಮುಂಚೆ ಶಾಲೆಯಲ್ಲಿ ನಡೆಯುವ ಪ್ರಿಲಿಮ್‌ನಲ್ಲಿ ಮಾತ್ರ ಮೂರು ಮತ್ತು ಐದು ಅಂಕದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹೋಗಿದೆ, ಇನ್ನೂ ಉದ್ದ ಬರೆಯುವ ಅಭ್ಯಾಸ ಮಾಡಿಸಲೇ ಎಂದು ಕೇಳಿದ್ದೀರಿ. ನಾನು ಮುಲುಂಡಿನಲ್ಲಿ ಎಸ್ಸೆಸ್ಸಿ, ಅಂದರೆ ಮಹಾರಾಷ್ಟ್ರ ಬೋರ್ಡಿನ ಹತ್ತನೇ ಕ್ಲಾಸಿನ, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಉದ್ದ ಮಾಡಿಸಬೇಡಿ. ಅವಳ ತೊಂದರೆ ಬೇರೆ ಇದ್ದಂತಿದೆ.

ಬಾಯಲ್ಲಿ ಹೇಳುವಾಗ ಎದುರಿಗೆ ನೀವಿರುತ್ತೀರಿ. "ಮೋಟಾರಿನ ಸುರುಳಿ ತಿರುಗುತ್ತದೆ" ಎಂದರೆ ನೀವು "ಅರ್ಧ ಸುತ್ತು ಆದಮೇಲೆ ವಾಪಸ್ ಯಾಕೆ ಬರೋದಿಲ್ಲ?" ಎಂದು ಕೇಳುತ್ತೀರಿ. ಆಗ ಅವಳು, ಒಡಕು ಉಂಗುರ ಪ್ರತಿ ಅರ್ಧ ಸುತ್ತಿಗೊಮ್ಮೆ ಸುರುಳಿಯಲ್ಲಿನ ವಿದ್ಯುತ್ತಿನ ದಿಕ್ಕು ಬದಲಿಸುತ್ತದೆ, ಅದಕ್ಕೇ ಒಂದೇ ಕಡೆ ತಿರುಗುತ್ತಾ ಹೋಗುತ್ತದೆ ಎನ್ನುತ್ತಾಳೆ. ನೀವು ಸಂತೋಷಪಡುತ್ತೀರಿ. ಉತ್ತರಪತ್ರಿಕೆ ಯಾಕೆ ಎಂದು ಕೇಳುವುದಿಲ್ಲವಲ್ಲ! ಅಲ್ಲಿ "ಸುರುಳಿ ತಿರುಗುತ್ತದೆ" ಎಂದು ಬರೆದು ಪೂರ್ಣವಿರಾಮ ಇಟ್ಟುಬಿಡುತ್ತಾಳೆ. ಹೋದ ಅಂಕ ಬಹುಪಾಲು ಆ ಬರೆಯದೆ ಉಳಿದ "ಯಾಕೆ"ಗಳದ್ದು.

ನಮ್ಮ ಬೋರ್ಡಿನಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಭಾಗ 1, ಭಾಗ 2 ಎಂದು ಎರಡು ಬೇರೆ ಪತ್ರಿಕೆಗಳು. ಒಂದೊಂದಕ್ಕೆ 40 ಅಂಕ, ಎರಡು ಗಂಟೆ. ಅದರಲ್ಲಿ ಮೂರು ಅಂಕದ ಐದು ಉತ್ತರ, ಕೊನೆಗೆ ಐದು ಅಂಕದ್ದೊಂದು ಸೇರಿದರೆ 20 ಅಂಕ, ಅಂದರೆ ಪತ್ರಿಕೆಯ ಅರ್ಧ. ಸಮಯದ ಲೆಕ್ಕ ಒಂದು ಅಂಕಕ್ಕೆ ಮೂರು ನಿಮಿಷ. ಪ್ರಶ್ನೆ ಓದಲು, ಕೊನೆಗೊಮ್ಮೆ ನೋಡಲು ಬಿಟ್ಟರೆ ಐದು ಅಂಕದ ಉತ್ತರಕ್ಕೆ ಸಿಗುವುದು ಹನ್ನೆರಡು ನಿಮಿಷ ಅಷ್ಟೇ. ಇಷ್ಟರಲ್ಲಿ ಮುನ್ನುಡಿಗೆ ಜಾಗ ಎಲ್ಲಿದೆ?

ಆದರೂ ಬರೆಯುತ್ತಾರೆ. ಲೋಹಶಾಸ್ತ್ರದ ಪಾಠದ ಈ ಪ್ರಶ್ನೆ ನೋಡಿ: "ಅಲ್ಯೂಮಿನಾದಿಂದ ಅಲ್ಯೂಮಿನಿಯಂ ಪಡೆಯುವ ವಿದ್ಯುದ್ವಿಭಜನೆಯನ್ನು ಆಕೃತಿಯೊಂದಿಗೆ ವಿವರಿಸಿ." ಹೆಚ್ಚಿನವರ ಉತ್ತರ ಶುರುವಾಗುವುದು "ಅಲ್ಯೂಮಿನಿಯಂ ಬೆಳ್ಳಿಯಂಥ ಹೊಳಪಿನ ಲೋಹ, ವಿಮಾನ ಮತ್ತು ಪಾತ್ರೆ ಮಾಡಲು ಬಳಸುತ್ತಾರೆ" ಎಂದು. ಆಮೇಲೆ ಅದರ ಅದಿರಾದ ಬಾಕ್ಸೈಟ್‌ನ ಶುದ್ಧೀಕರಣ ಅರ್ಧ ಪುಟ. ಎಲ್ಲ ನಿಜವೇ, ಆದರೆ ಯಾವುದನ್ನೂ ಕೇಳಿಲ್ಲ. ಕೇಳಿದ್ದು ಬರುವ ಹೊತ್ತಿಗೆ ಕೈ ಸೋತು ಮೂರೇ ಸಾಲಿನಲ್ಲಿ ಮುಗಿಯುತ್ತದೆ.

ನಾನು ಬರೆಸುವ ಕ್ರಮ ಹೀಗೆ. ಮೊದಲು ಆಕೃತಿ, ಪೆನ್ಸಿಲ್‌ನಲ್ಲಿ, ಹೆಸರುಗಳೆಲ್ಲ ಒಂದೇ ಬದಿಗೆ. ಆಮೇಲೆ ಏನೇನು ಇದೆ: ಒಳಗೆ ಗ್ರ್ಯಾಫೈಟ್ ಲೇಪವಿರುವ ಉಕ್ಕಿನ ತೊಟ್ಟಿ, ಆ ಲೇಪವೇ ಋಣಾಗ್ರ, ಕರಗಿದ ದ್ರವದಲ್ಲಿ ಮುಳುಗಿಸಿದ ಗ್ರ್ಯಾಫೈಟ್ ಕಂಬಿಗಳು ಧನಾಗ್ರ. ಇಲ್ಲಿ ಮೊದಲ "ಯಾಕೆ": ಕ್ರಯೋಲೈಟ್ ಮತ್ತು ಫ್ಲೋರ್‌ಸ್ಪಾರ್ ಯಾಕೆ ಹಾಕುತ್ತಾರೆ? ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಕರಗಲು 2000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು. ಇವನ್ನು ಬೆರೆಸಿದರೆ ಸುಮಾರು 1000 ಡಿಗ್ರಿಯಲ್ಲೇ ಕೆಲಸವಾಗುತ್ತದೆ. ನಂತರ ವಿದ್ಯುತ್ ಹರಿಸಿದಾಗ ಆಗುವುದು: ಋಣಾಗ್ರದಲ್ಲಿ ಅಲ್ಯೂಮಿನಿಯಂ, ಧನಾಗ್ರದಲ್ಲಿ ಆಕ್ಸಿಜನ್, ಎರಡರ ಸಮೀಕರಣಗಳು ಬೇರೆ ಬೇರೆ ಸಾಲಿನಲ್ಲಿ. ಕರಗಿದ ಲೋಹ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ, ಅಲ್ಲಿಂದ ಹೊರಗೆ ತೆಗೆಯುತ್ತಾರೆ. ಕೊನೆಯ "ಯಾಕೆ": ಧನಾಗ್ರದ ಕಂಬಿಗಳನ್ನು ಆಗಾಗ ಬದಲಿಸುವುದೇಕೆ? ಅಲ್ಲಿ ಬಂದ ಆಕ್ಸಿಜನ್ ಗ್ರ್ಯಾಫೈಟ್‌ನ ಇಂಗಾಲದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುವುದರಿಂದ ಕಂಬಿ ಸವೆಯುತ್ತದೆ. ಮುಗಿಯಿತು. ಒಂದು ಪುಟ ದಾಟುವುದಿಲ್ಲ. ಪತ್ರಿಕೆ ನೋಡುವವರಿಗೂ ಎಲ್ಲಿ ಏನಿದೆ ಎಂದು ಹುಡುಕುವ ಕೆಲಸವಿಲ್ಲ. ರಾಶಿ ಪತ್ರಿಕೆ ಮುಂದಿಟ್ಟುಕೊಂಡವರಿಗೆ ಅದೂ ಒಂದು ಉಪಕಾರವೇ.

ಐದು ಅಂಕದ ಪ್ರಶ್ನೆ ಎಷ್ಟೋ ಸಲ ಒಳಗೇ ಅ, ಆ, ಇ ಎಂದು ಒಡೆದುಕೊಂಡು ಬರುತ್ತದೆ. ಆಗ ಅದೇ ಅಕ್ಷರ ಹಾಕಿ ಬರೆಯಬೇಕು, ಎಲ್ಲ ಸೇರಿಸಿ ಒಂದೇ ಪ್ಯಾರಾ ಮಾಡಬಾರದು. ವ್ಯತ್ಯಾಸ ಕೇಳಿದರೆ ಕೋಷ್ಟಕ, ಪ್ರತಿ ಸಾಲಿನ ಎರಡೂ ಬದಿಯಲ್ಲಿ ಒಂದೇ ವಿಷಯ. ಕೋಶ ವಿಭಜನೆಯ ಎರಡು ಬಗೆಗಳ ವ್ಯತ್ಯಾಸದಲ್ಲಿ ಮೈಟಾಸಿಸ್ ಕಡೆ "ಎರಡು ಕೋಶಗಳಾಗುತ್ತವೆ" ಎಂದಿದ್ದರೆ ಮಿಯೋಸಿಸ್ ಕಡೆ "ನಾಲ್ಕು ಕೋಶಗಳಾಗುತ್ತವೆ" ಎಂದೇ ಇರಬೇಕು, "ವರ್ಣತಂತುಗಳ ಸಂಖ್ಯೆ ಅರ್ಧವಾಗುತ್ತದೆ" ಎಂದಲ್ಲ. ಅದಕ್ಕೆ ಬೇರೆ ಸಾಲು.

ಲೆಕ್ಕಗಳಲ್ಲಿ ದತ್ತಾಂಶ, ಸೂತ್ರ, ಬೆಲೆ ತುಂಬುವುದು, ಏಕಮಾನದೊಂದಿಗೆ ಉತ್ತರ. ನಡುವಿನ ಹೆಜ್ಜೆಗಳಿಗೂ ಅಂಕವಿದೆ, ಹಾಗಾಗಿ ಉತ್ತರ ತಪ್ಪಿದರೂ ಬರೆದದ್ದನ್ನು ಗೀಚಿ ಹಾಕಬಾರದು. ಮಸೂರದ ಶಕ್ತಿ ಕೇಳಿದಾಗ 20 ಸೆಂ.ಮೀ. ಸಂಗಮದೂರವನ್ನು 0.2 ಮೀಟರ್ ಮಾಡಿಕೊಂಡರೆ 5 ಡಯಾಪ್ಟರ್. ಹಾಗೇ ತುಂಬಿದರೆ 0.05 ಬರುತ್ತದೆ. ಮಸೂರ ನಿಮ್ನವಾದರೆ ಋಣ ಚಿಹ್ನೆ ಬೇಕು.

ಭಾಗ 2ರ ಪರಿಸರ, ಸಾಮಾಜಿಕ ಆರೋಗ್ಯ, ಆಪತ್ತು ನಿರ್ವಹಣೆ ಪಾಠಗಳಲ್ಲಿ ಮಕ್ಕಳು ಪ್ರಬಂಧಕ್ಕೆ ಇಳಿದುಬಿಡುತ್ತಾರೆ, ಎಲ್ಲ ಗೊತ್ತಿದ್ದ ವಿಷಯ ಅನಿಸುತ್ತದೆ ನೋಡಿ. ಆಪತ್ತು ಎಂದರೆ ನಮ್ಮ ಮುಂಬಯಿ ಮಕ್ಕಳಿಗೆ ಮಳೆನೀರು. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಬಿದ್ದದ್ದು ಉದಾಹರಣೆಯಾಗಿ ಚೆನ್ನಾಗಿದೆ, ಆದರೆ ಅದು ಒಂದು ಸಾಲು. ಲೋಕಲ್ ನಿಂತದ್ದು, ಜನ ಹಳಿ ಮೇಲೆ ನಡೆದದ್ದು ಬೇಡ. ಆಪತ್ತಿಗೆ ಮೊದಲು ಏನು, ಆ ಹೊತ್ತಿನಲ್ಲಿ ಏನು, ನಂತರ ಏನು ಎಂದು ಕೇಳಿದ್ದರೆ ಮೂರು ಉಪಶೀರ್ಷಿಕೆ ಹಾಕಿ ಅದನ್ನೇ ಹೇಳಲಿ.

ಇನ್ನೊಂದು ಮಾತು. ಕನ್ನಡದಲ್ಲಿ ಸಿಗುತ್ತದೆಂದು ಕರ್ನಾಟಕದ ಎಸ್ಸೆಸ್ಸೆಲ್ಸಿ ಮಾದರಿ ಉತ್ತರಗಳನ್ನು ಮೊಬೈಲಿನಲ್ಲಿ ತೆಗೆದು ಕೊಡಬೇಡಿ. ಅಲ್ಲಿಯ ವಿಜ್ಞಾನ 80 ಅಂಕದ ಒಂದೇ ಪತ್ರಿಕೆ, ಪುಸ್ತಕವೂ ಬೇರೆ. ವಿಷಯ ತಿಳಿಯಲು ವಿಡಿಯೋ ನೋಡಲಿ, ತಪ್ಪಿಲ್ಲ. ಬರೆಯುವುದು ಮಾತ್ರ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪುಸ್ತಕದ ಪದಗಳಲ್ಲೇ ಆಗಬೇಕು.

ಈಗ ನೀವು ಮಾಡಬಹುದಾದದ್ದು. ನಿಮಗೆ ವಿಜ್ಞಾನ ಬರದಿದ್ದರೂ ಅಡ್ಡಿಯಿಲ್ಲ. ಪ್ರಿಲಿಮ್ ಪತ್ರಿಕೆಯ ಒಂದು ಪ್ರಶ್ನೆ ಕೊಟ್ಟು ಹನ್ನೆರಡು ನಿಮಿಷ ಬರೆಸಿ. ಬರೆದದ್ದನ್ನು ನೀವು ಓದಿ, ಎಲ್ಲಿ "ಯಾಕೆ?" ಎನಿಸುತ್ತದೋ ಅಲ್ಲಿ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸ್ ಕೊಡಿ. ಬಾಯಲ್ಲಿ ಉತ್ತರ ಹೇಳಲು ಬಿಡಬೇಡಿ, ಅಲ್ಲೇ ಬರೆದು ತೋರಿಸಲಿ. ದಿನಕ್ಕೆ ಎರಡು ಪ್ರಶ್ನೆ ಸಾಕು, ಒಂದು ಭಾಗ 1ರದ್ದು, ಒಂದು ಭಾಗ 2ರದ್ದು. ಚಿಹ್ನೆಗಳು ಕಡಿಮೆಯಾದ ಮೇಲಷ್ಟೇ ಗಡಿಯಾರ ಇಟ್ಟು ಪೂರ್ತಿ ಪತ್ರಿಕೆ ಬರೆಸಿ.